ಹಳೇ ಸೆಟ್ಟರ್ ರಿಟೈರ್ ಆಗುವ ಮೊದಲು ಅವರ ಕೆಲಸ ಬರೆದಿಟ್ಟುಕೊಳ್ಳುವುದು ಹೇಗೆ?

ಪೀಣ್ಯದಲ್ಲಿ ನಮ್ಮಂಥ ಸಣ್ಣ ಮಷೀನ್ ಶಾಪ್‌ಗಳ ಕಥೆ ಹೆಚ್ಚುಕಮ್ಮಿ ಒಂದೇ. ಡ್ರಾಯಿಂಗ್ ಫೈಲಲ್ಲಿ ಇರುತ್ತದೆ, ಪ್ರೋಗ್ರಾಂ ಮಷೀನಲ್ಲಿ ಇರುತ್ತದೆ. ಜಾಬ್, ಅಂದರೆ ಮಷೀನಲ್ಲಿ ತಯಾರಾಗುವ ಭಾಗ, ಸರಿ ಬರೋದು ಹೇಗೆ ಅನ್ನೋದು ಮಾತ್ರ ಮಷೀನನ್ನು ಅದಕ್ಕೆ ಸಜ್ಜು ಮಾಡುವ ಹಳೇ ಸೆಟ್ಟರ್ ತಲೆಯಲ್ಲಿ. ಅವರು ರಜೆ ಹಾಕಿದ ದಿನ ರಿಜೆಕ್ಷನ್ ಜಾಸ್ತಿ.

ಅವರ ಕೈಗೆ ನೋಟ್‌ಬುಕ್ ಕೊಟ್ಟು "ಗೊತ್ತಿರೋದೆಲ್ಲ ಬರೀರಿ" ಅನ್ನಬೇಡಿ. ಬರೆಯೋದಿಲ್ಲ. ಬರೆದರೂ "ಚೆಕ್ ಮಾಡಿ ಸೆಟ್ ಮಾಡುವುದು" ಅಂತ ಎರಡು ಸಾಲು. ತಮಗೆ ಗೊತ್ತಿರೋದು ವಿಶೇಷ ಅಂತ ಅವರಿಗೇ ಅನ್ನಿಸಿರುವುದಿಲ್ಲ. ನೀವೇ ಮಷೀನ್ ಹತ್ತಿರ ನಿಲ್ಲಿ. ಸಜ್ಜು ಮಾಡುವ ಕ್ರಮ ಬರೆದಿರುವ ಸೆಟ್ಟಿಂಗ್ ಶೀಟಲ್ಲಿ ಇಲ್ಲದ್ದನ್ನು ಅವರು ಮಾಡಿದ ಕ್ಷಣವೇ ಯಾಕೆ ಅಂತ ಕೇಳಿ.

ನಮ್ಮಲ್ಲಿ ತೆಳು ಗೋಡೆಯ ಒಂದು ಸ್ಟೀಲ್ ಸ್ಲೀವ್ (ಕೊಳವೆಯಂಥ ಭಾಗ) ಬರುತ್ತದೆ. ಅದರ ಬೋರ್, ಅಂದರೆ ಒಳಗಿನ ತೂತು, 50 ಎಚ್7; ಅಳತೆ 50.000ರಿಂದ 50.025 ಮಿ.ಮೀ. ಒಳಗೆ ಇರಬೇಕು. ಕೊನೆಯ ಫಿನಿಶ್ ಕಟ್‌ಗೆ ಮುಂಚೆ ಸೆಟ್ಟರ್, ಜಾಬನ್ನು ಹಿಡಿದಿರುವ ಚಕ್‌ನ ಪ್ರೆಶರ್ ಇಳಿಸಿ ಜಾಬನ್ನು ಮತ್ತೆ ಹಿಡಿಸುತ್ತಾರೆ. "ಯಾಕಣ್ಣ?" ಅಂದೆ. "ಬಿಗಿಯಾಗಿ ಹಿಡಿದ್ರೆ ಚಕ್ಕಲ್ಲಿ ರೌಂಡ್ ಇರುತ್ತೆ ಸಾರ್, ಬಿಟ್ಟ ಮೇಲೆ ಮೂರು ಕಡೆ ಉಬ್ಬುತ್ತೆ." ಬಿಸಿ ಜಾಬನ್ನು ಅಳೆಯೋದೂ ಇಲ್ಲ, ಕೈಯಿಂದ ಮುಟ್ಟಿ ನೋಡಿ ಪಕ್ಕಕ್ಕೆ ಇಡುತ್ತಾರೆ. ಲೆಕ್ಕ ಹಾಕಿ ನೋಡಿ: 20 ಡಿಗ್ರಿ ಬಿಸಿ ಜಾಸ್ತಿ ಇದ್ದರೆ ಆ ಬೋರ್ ಸುಮಾರು 0.011 ಮಿ.ಮೀ. ದೊಡ್ಡದು ತೋರಿಸುತ್ತದೆ. ಟಾಲರೆನ್ಸ್‌ನ (ಅಳತೆಯಲ್ಲಿ ಬಿಟ್ಟಿರುವ 0.025 ಮಿ.ಮೀ. ವ್ಯತ್ಯಾಸದ) ಹತ್ತಿರಹತ್ತಿರ ಅರ್ಧದಷ್ಟು ಅಲ್ಲೇ ಹೋಯಿತು, ಅಲ್ವಾ?

ಹೀಗೆ ಸಿಕ್ಕಿದ್ದನ್ನು ಮೂರು ಸಾಲಲ್ಲಿ ಬರೆಯಿರಿ. ಏನು ಮಾಡುತ್ತಾರೆ, ಏನು ನೋಡಿ ಮಾಡುತ್ತಾರೆ, ಮಾಡದಿದ್ದರೆ ಏನಾಗುತ್ತದೆ. ನಡುವಿನ ಸಾಲು ಬಿಟ್ಟರೆ ಉಳಿದೆರಡು ದಂಡ. ಶಬ್ದ ಕೇಳಿ ಗುರುತಿಸುವ ವಿಷಯವಾದರೆ ಫೋನಲ್ಲಿ ಚಿಕ್ಕ ವಿಡಿಯೋ ಮಾಡಿ, ಪಾರ್ಟ್ ನಂಬರ್ ಹಾಕಿ ಸೇವ್ ಮಾಡಿ. ಹೀಗೆ ಬರೆದ ಶೀಟು ಮಷೀನಿನ ಪಕ್ಕದಲ್ಲಿ ನೇತಾಡಲಿ, ಓನರ್ ಲ್ಯಾಪ್‌ಟಾಪಲ್ಲಿ ಅಲ್ಲ. ಹಿಂದಿ ಆಪರೇಟರ್‌ಗಳಿದ್ದರೆ ಹಿಂದಿಯಲ್ಲೂ ಒಂದಿರಲಿ.

ಆಮೇಲೆ ಕೆಲಸ ಕಲಿಯುವ ಹುಡುಗನ ಕೈಲಿ ಪೂರ್ತಿ ಸೆಟ್ಟಿಂಗ್ ಮಾಡಿಸಿ. ಹಿರಿಯರು ಕೈಕಟ್ಟಿ ನಿಲ್ಲಬೇಕು, ಬಾಯಿ ಬಿಡಬಾರದು. ಬಿಟ್ಟೇ ಬಿಡುತ್ತಾರೆ! ತಡೆಯಲಾರದೆ "ಏ ತಡಿ ತಡಿ" ಅಂದರಲ್ಲ, ಶೀಟಲ್ಲಿ ಬಿಟ್ಟುಹೋಗಿದ್ದ ವಿಷಯ ಅದೇ. ತಕ್ಷಣ ಬರೆದುಕೊಳ್ಳಿ.

ಇನ್ನೊಂದು ಮಾತು ಓನರ್‌ಗಳಿಗೆ. "ಎಲ್ಲ ಹೇಳಿಕೊಟ್ಟರೆ ನಾಳೆ ನನ್ನನ್ನ ಮನೆಗೆ ಕಳಿಸ್ತಾರೆ" ಅನ್ನೋ ಭಯ ಹಳೇ ಸೆಟ್ಟರ್‌ಗಳಿಗಿದೆ. ಸುಮ್ನೆ ಬಂದ ಭಯವೇನಲ್ಲ. ಕಲಿಸುವ ಕೆಲಸಕ್ಕೆ ಬೇರೆ ದುಡ್ಡು ಕೊಡಿ, ಸಂಬಳದ ಚೀಟಿಯಲ್ಲಿ ಕಾಣಲಿ. ಶೀಟ್ ಮೇಲೆ ಅವರ ಹೆಸರು ಹಾಕಿ. ರಿಟೈರ್ ಆದ ಮೇಲೂ ಕರೆಸಿದ ದಿನಕ್ಕೆ ಕೂಲಿ ಇಷ್ಟು ಅಂತ ಈಗಲೇ ಮಾತಾಡಿಕೊಳ್ಳಿ. ಕೆಲಸಗಾರರ ತಿಳಿವಳಿಕೆ ಉಳಿಸಿಕೊಳ್ಳಿ ಅಂತ ಗುಣಮಟ್ಟದ ಸ್ಟ್ಯಾಂಡರ್ಡ್ ಐಎಸ್‌ಒ 9001:2015ರ 7.1.6ನೇ ಕಲಮೂ ಹೇಳುತ್ತದೆ. ಆದರೆ ಆಡಿಟರ್‌ಗೆ ತೋರಿಸಲು ಮಾತ್ರ ಮಾಡಿದ ಫೈಲಿನಿಂದ ಒಂದು ಬೋರೂ ಸರಿ ಬರುವುದಿಲ್ಲ.

ಒಬ್ಬರ ಕೈಯಲ್ಲೇ ಸಿಕ್ಕಿಕೊಳ್ಳುವುದು ಸೆಟ್ಟಿಂಗ್ ಮಾತ್ರವಲ್ಲ. ಮಷೀನ್ ಪ್ಯಾರಾಮೀಟರ್‌ಗಳ (ಮಷೀನೊಳಗೆ ತುಂಬಿಟ್ಟ ಸೆಟ್ಟಿಂಗ್ ಅಂಕಿಗಳ) ಬ್ಯಾಕಪ್ ತೆಗೆದಿಡಿ. ಆಫೀಸಲ್ಲಿ ಜಿಎಸ್‌ಟಿ ಒಟಿಪಿ ಯಾರ ಮೊಬೈಲಿಗೆ ಹೋಗುತ್ತದೆ ಅಂತಲೂ ನೋಡಿ. ಕೆಲಸ ಬಿಟ್ಟು ಹೋದ ಅಕೌಂಟೆಂಟ್ ನಂಬರಾಗಿದ್ದರೆ, ತಿಂಗಳ ರಿಟರ್ನ್ ಹಾಕುವ 20ನೇ ತಾರೀಖಿಗೆ ಮುಂಚೆಯೇ ಬದಲಿಸಿಬಿಡಿ.