ಕ್ವಿಂಟಲ್ ರೇಟು ಕಿಲೋಗೆ ಎಷ್ಟಾಯ್ತು? ತೂಕದ ಲೆಕ್ಕ ಮಾಡುವುದು ಹೀಗೆ

ಪೇಪರಿನಲ್ಲಿ ಅಡಿಕೆ, ರಾಗಿ ಧಾರಣೆ ಬರುವುದು ಕ್ವಿಂಟಲ್‌ಗೆ. ಅಂಗಡಿಯಲ್ಲಿ ಕೊಳ್ಳುವುದು ಕಿಲೋದಲ್ಲಿ, ಚಿನ್ನ ಗ್ರಾಂನಲ್ಲಿ, ಮಾತ್ರೆ ಮಿಲಿಗ್ರಾಂನಲ್ಲಿ. ಇವನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸುವುದು ಕಷ್ಟವೇನಲ್ಲ, ಜಾಸ್ತಿ ಜನ ಎಡವುವುದು ರೇಟಿನ ಹತ್ತಿರ.

ಮೊದಲು ಅಳತೆಗಳು. ಶಾಲೆಯಲ್ಲಿ ಹೆಕ್ಟೋ, ಡೆಕಾ, ಡೆಸಿ ಅಂತ ಉರು ಹೊಡೆದದ್ದನ್ನು ಸದ್ಯಕ್ಕೆ ಬಿಡಿ, ಅಂಗಡಿಯಲ್ಲಿ ಯಾರೂ ಹೆಕ್ಟೋಗ್ರಾಂ ಸಕ್ಕರೆ ಕೇಳುವುದಿಲ್ಲ. ಮೈಕ್ರೋಗ್ರಾಂ, ಮಿಲಿಗ್ರಾಂ, ಗ್ರಾಂ, ಕಿಲೋ, ಟನ್ ಇಷ್ಟು ಸಾಕು. ಪ್ರತಿಯೊಂದೂ ಹಿಂದಿನದರ 1,000 ಪಟ್ಟು. ಈ ಸಾಲಿಗೆ ಸೇರದೆ ನಡುವೆ ನಿಂತಿರುವುದು ಕ್ವಿಂಟಲ್: 100 ಕಿಲೋಗೆ ಒಂದು ಕ್ವಿಂಟಲ್, 10 ಕ್ವಿಂಟಲ್‌ಗೆ ಒಂದು ಟನ್.

ದೊಡ್ಡದರಿಂದ ಚಿಕ್ಕದಕ್ಕೆ ಹೋಗುವಾಗ ಗುಣಿಸಿ. 2.05 ಕಿಲೋ ಅಂದರೆ 2,050 ಗ್ರಾಂ. ಇದನ್ನು ಎರಡು ಕಿಲೋ ಐದು ಗ್ರಾಂ ಅಂತ ಓದುವವರಿದ್ದಾರೆ, ಅಲ್ವಾ? ಹಾಗಾಗದಿರಲು ಚುಕ್ಕಿಯ ನಂತರ ಯಾವಾಗಲೂ ಮೂರು ಅಂಕಿ ಬರೆಯಿರಿ, ಕಡಿಮೆ ಬಿದ್ದರೆ ಸೊನ್ನೆ ಸೇರಿಸಿ. 2.050 ಅಂತ ಬರೆದರೆ 50 ಗ್ರಾಂ ಕಣ್ಣಿಗೇ ಕಾಣುತ್ತದೆ. ಚಿನ್ನದ ಬಿಲ್ಲಿಗೂ ಇದೇ ಉಪಾಯ: 7.86 ಗ್ರಾಂ ಇದ್ದರೆ 7.860, ಅಂದರೆ 7 ಗ್ರಾಂ 860 ಮಿಲಿಗ್ರಾಂ.

ಚಿಕ್ಕದರಿಂದ ದೊಡ್ಡದಕ್ಕೆ ಭಾಗಿಸಿ. 50 ಮೈಕ್ರೋಗ್ರಾಂನ ಥೈರಾಯ್ಡ್ ಮಾತ್ರೆ 0.05 ಮಿಲಿಗ್ರಾಂ. ಸ್ಟ್ರಿಪ್ ಮೇಲೆ ಎಂಸಿಜಿ (ಮೈಕ್ರೋಗ್ರಾಂ) ಅಂತ ಇರುವುದನ್ನು ಎಂಜಿ (ಮಿಲಿಗ್ರಾಂ) ಅಂತ ಓದಿದರೆ ಸಾವಿರ ಪಟ್ಟು ವ್ಯತ್ಯಾಸ, ಅದಕ್ಕೇ ಔಷಧಿ ವಿಷಯದಲ್ಲಿ ಅನುಮಾನ ಬಂದರೆ ಸುಮ್ನೆ ಮನೆಯಲ್ಲೇ ಲೆಕ್ಕ ಹಾಕುತ್ತ ಕೂರದೆ ಡಾಕ್ಟರನ್ನೋ ಮೆಡಿಕಲ್ ಶಾಪಿನವರನ್ನೋ ಕೇಳಿ.

ಇನ್ನು ರೇಟು. ಇಲ್ಲಿ ಎಲ್ಲ ಉಲ್ಟಾ. ತೂಕವನ್ನು ಕ್ವಿಂಟಲ್‌ನಿಂದ ಕಿಲೋಗೆ ತರುವಾಗ 100ರಿಂದ ಗುಣಿಸುತ್ತೀರಿ, ಆದರೆ ಕ್ವಿಂಟಲ್ ರೇಟನ್ನು ಕಿಲೋ ರೇಟು ಮಾಡುವಾಗ 100ರಿಂದ ಭಾಗಿಸಬೇಕು, ಯಾಕೆಂದರೆ ಮಾಲು ಕಡಿಮೆಯಾದರೆ ಕೊಡುವ ದುಡ್ಡೂ ಕಡಿಮೆ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಚುಕ್ಕಿಯನ್ನು ಎರಡು ಮನೆ ಎಡಕ್ಕೆ ಸರಿಸಿ, ಕಿಲೋಗೆ 48.86.

ಕಬ್ಬಿನದು ಇನ್ನೂ ಮಜಾ. ಕೇಂದ್ರ ಸರ್ಕಾರ ಎಫ್‌ಆರ್‌ಪಿ, ಅಂದರೆ ಕಾರ್ಖಾನೆಯವರು ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ಹೇಳುವುದು ಕ್ವಿಂಟಲ್‌ಗೆ, ನಮ್ಮ ರೈತರು ಮಾತಾಡುವುದು ಟನ್ನಿಗೆ. 2025-26ರ ಹಂಗಾಮಿಗೆ, 10.25 ಶೇಕಡಾ ಸಕ್ಕರೆ ಇಳುವರಿಯ (ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲು) ಲೆಕ್ಕದಲ್ಲಿ, ಕ್ವಿಂಟಲ್‌ಗೆ 355 ರೂಪಾಯಿ, ಹಾಗಾದರೆ ಟನ್ನಿಗೆ 3,550. ತೂಕದ ಚೀಟಿಯಲ್ಲಿ ಮಾತ್ರ ಕಿಲೋ ಇರುತ್ತದೆ ಅಂದುಕೊಳ್ಳಿ. ಖಾಲಿ ಗಾಡಿಯ ತೂಕ ಕಳೆದು 18,460 ಕಿಲೋ ಉಳಿದರೆ, ಮೊದಲು 1,000ದಿಂದ ಭಾಗಿಸಿ 18.460 ಟನ್ ಮಾಡಿಕೊಳ್ಳಿ, ಆಮೇಲೆ 3,550ರಿಂದ ಗುಣಿಸಿ: 65,533 ರೂಪಾಯಿ. ಕಟಾವು, ಸಾಗಣೆ ಖರ್ಚು ಹಿಡಿಯುವುದಿದ್ದರೆ ಅದನ್ನು ಇದರಲ್ಲಿ ಕಳೆಯಿರಿ.