ಕೂಸಿನ ಸೂಜಿ ಲೆಕ್ಕ ತಪ್ಪಿದೆಯಾ? ತಾಯಿ ಕಾರ್ಡ್ ತೆಗೆಯಿರಿ

"ಕೂಸಿಗೆ ಎಲ್ಲಾ ಸೂಜಿ ಆಗ್ಯಾವೇನ್ರೀ?" ಅಂತ ಯಾದಗಿರಿ ಕಡೆ ಕೇಳಿ ನೋಡಿ. "ಹಾಕಿಸೀವ್ರೀ" ಎಂಬ ಉತ್ತರ ಥಟ್ಟನೆ ಬರುತ್ತದೆ. ಯಾವ್ಯಾವುದು ಅಂತ ಕೇಳಿದರೆ ಸೊಸೆ ಅತ್ತೆಯ ಮುಖ ನೋಡುತ್ತಾಳೆ, ಅತ್ತೆ ಮಗನ ಮುಖ ನೋಡುತ್ತಾಳೆ. ನನಗೆ ಕಂಡ ಮಟ್ಟಿಗೆ, ಲಸಿಕೆಯೇ ಬೇಡ ಅನ್ನುವವರು ಕಡಿಮೆ. ಲೆಕ್ಕ ಗೊತ್ತಿಲ್ಲದವರೇ ಜಾಸ್ತಿ.

ಮೊದಲು ಕೂಸಿನ ಲಸಿಕೆ ಲೆಕ್ಕ ಬರೆದಿರುವ ತಾಯಿ ಕಾರ್ಡ್ ಹುಡುಕಿ. ಕಳೆದಿದ್ದರೆ ಗಾಬರಿ ಬೇಡ, ಊರಿನಲ್ಲಿ ಸೂಜಿ ಹಾಕುವ ಏಎನ್‌ಎಂ ಸಿಸ್ಟರ್ ಹತ್ತಿರ ರಿಜಿಸ್ಟರ್ ಇರುತ್ತದೆ. ಕೇಳಿ ಹೊಸ ಕಾರ್ಡಿಗೆ ಬರೆಸಿಕೊಳ್ಳಿ.

ಈಗ ಕಾರ್ಡಿನ ಒಂದೊಂದೇ ಮನೆ (ಚೌಕ) ನೋಡುತ್ತಾ ಹೋಗಿ. ಹುಟ್ಟಿದಾಗ ಮೂರು: ಎಡ ತೋಳಿಗೆ ಕ್ಷಯ ತಡೆಯುವ ಬಿಸಿಜಿ, ಬಾಯಿಗೆ ಪೋಲಿಯೊ ಹನಿ, ತೊಡೆಗೆ ಹೆಪಟೈಟಿಸ್ ಬಿ. ಈ ಕೊನೆಯದು 24 ಗಂಟೆಯೊಳಗೇ ಆಗಬೇಕು. ಆಮೇಲೆ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳು. ಮೂರು ಸಲವೂ ಪೆಂಟಾ ಸೂಜಿ, ಪೋಲಿಯೊ ಹನಿ ಮತ್ತು ಭೇದಿ ತಡೆಯಲು ಬಾಯಿಗೆ ಹಾಕುವ ರೋಟಾ. ಪೆಂಟಾ ಒಂದೇ ಸೂಜಿಯಾದರೂ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಸೇರಿ ಐದು ರೋಗ ತಡೆಯುತ್ತದೆ. ಒಂದೂವರೆ ಮತ್ತು ಮೂರೂವರೆ ತಿಂಗಳಿಗೆ ನ್ಯುಮೋನಿಯಾ ತಡೆಯುವ ಪಿಸಿವಿ, ಪೋಲಿಯೊ ಸೂಜಿಯೂ ಇವೆ. 9 ತಿಂಗಳು ತುಂಬಿದ ಮೇಲೆ ಇವೆರಡೂ ಮತ್ತೊಮ್ಮೆ, ಜೊತೆಗೆ ದಡಾರ-ರುಬೆಲ್ಲಾದ ಮೊದಲ ಸೂಜಿ.

ಜನ ಎಡವುವುದು ಇಲ್ಲಿಂದ ಮುಂದೆ. ಕೂಸು ನಡೆಯಲು ಶುರು ಮಾಡಿದರೆ ಸಾಕು, ಕಾರ್ಡ್ ಟ್ರಂಕಿನ ತಳ ಸೇರುತ್ತದೆ. 16ರಿಂದ 24 ತಿಂಗಳೊಳಗೆ ದಡಾರ-ರುಬೆಲ್ಲಾ ಎರಡನೇ ಸೂಜಿ, ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು) ಬೂಸ್ಟರ್, ಪೋಲಿಯೊ ಹನಿ ಇರುತ್ತವೆ. ಆ ಮನೆ ಖಾಲಿಯಿದೆಯಾ ನೋಡಿ. 5-6 ವರ್ಷಕ್ಕೆ ಇನ್ನೊಂದು ಡಿಪಿಟಿ, 10 ಮತ್ತು 16ಕ್ಕೆ ಧನುರ್ವಾಯು, ಗಂಟಲಮಾರಿ ತಡೆಯುವ ಟಿಡಿ.

ಇನ್ನೊಂದು ಮಾತು. ಪಲ್ಸ್ ಪೋಲಿಯೊ ದಿನ ಬೆರಳಿಗೆ ಮಸಿ ಹಾಕಿಸಿಕೊಂಡು ಬಂದರೆ ಮುಗಿಯಿತು ಅಂದುಕೊಂಡವರು ಬಹಳ. ಆ ಹನಿ ಹೆಚ್ಚಿನದು, ಕಾರ್ಡಿನ ಲೆಕ್ಕಕ್ಕೆ ಸೇರುವುದಿಲ್ಲ.

ತಪ್ಪಿದ್ದರೆ? ಬೈಸಿಕೊಳ್ಳಬೇಕಾಗುತ್ತದೆ ಅಂತ ಹೆದರಿ ಮನೆಯಲ್ಲೇ ಕೂರಬೇಡಿ. ಮೊದಲಿಂದ ಶುರು ಮಾಡಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸಿದರಾಯಿತು. ಬಿಸಿಜಿಯನ್ನು ಒಂದು ವರ್ಷದವರೆಗೆ, ದಡಾರ-ರುಬೆಲ್ಲಾವನ್ನು ಐದು ವರ್ಷದವರೆಗೆ ಹಾಕುತ್ತಾರೆ. ಸಣ್ಣ ನೆಗಡಿ, ಕೆಮ್ಮಿಗೆಲ್ಲ ಸುಮ್ನೆ ಮುಂದೂಡಬೇಡಿ.

ಇನ್ನು ಅತ್ತೆಯ ತಕರಾರು: "ಸೂಜಿ ಹಾಕಿಸಿದ್ರ ಕೂಸು ರಾತ್ರಿಯೆಲ್ಲಾ ಅಳ್ತದ." ಸುಳ್ಳಲ್ಲ. ಪೆಂಟಾ ಆದ ಮೇಲೆ ಜ್ವರ, ತೊಡೆ ನೋವು ಒಂದೆರಡು ದಿನ ಇರಬಹುದು. ಸೂಜಿಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ, ಅದು ತಕ್ಷಣ ಅಲರ್ಜಿ ಏನಾದರೂ ಆದರೆ ಸಿಸ್ಟರ್ ನೋಡಲಿ ಅಂತ. ಜ್ವರದ ಔಷಧ ಎಷ್ಟು ಹಾಕಬೇಕು ಅಂತ ಸಿಸ್ಟರ್‌ನ್ನು ಕೇಳಿ ತಿಳಿದುಕೊಂಡೇ ಮನೆಗೆ ಹೊರಡಿ. ಎದೆಹಾಲು ನಿಲ್ಲಿಸಬೇಡಿ. ಊದಿದಲ್ಲಿ ತಿಕ್ಕಬೇಡಿ, ಅರಿಶಿನ, ಸುಣ್ಣ ಹಚ್ಚಬೇಡಿ. ಬಿಸಿಜಿ ಜಾಗ ಕೆಲವು ವಾರಕ್ಕೆ ಗುಳ್ಳೆಯಾಗಿ ಒಡೆದರೂ ಅದು ಲಸಿಕೆ ಕೆಲಸ ಮಾಡುವ ರೀತಿಯೇ. ಮೂರು ತಾಸಿಗಿಂತ ಜಾಸ್ತಿ ಬಿಡದೆ ಅತ್ತರೆ, ಫಿಟ್ಸ್ ಬಂದರೆ ಅಥವಾ ಮೈ ಸಡಿಲಾದರೆ ತಡ ಮಾಡದೆ ಆಸ್ಪತ್ರೆಗೆ ಓಡಿ.

ಕೊನೆಯದಾಗಿ ಗುಳೆ. ತೊಗರಿ ರಾಶಿ ಮುಗಿಸಿ ಬೆಂಗಳೂರಿಗೋ ಮುಂಬೈಗೋ ಹೊರಟವರು ಹಿಟ್ಟು, ಬೇಳೆ ಕಟ್ಟಿಕೊಳ್ಳುತ್ತಾರೆ, ಕಾರ್ಡ್ ಮರೆಯುತ್ತಾರೆ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಆಧಾರ್ ಜೊತೆಗಿಡಿ. ಮುಂದಿನ ಸೂಜಿಯ ತಾರೀಖನ್ನು ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಹೋದ ಊರಿನಲ್ಲಿ ಅಂಗನವಾಡಿ ಎಲ್ಲಿದೆ ಅಂತ ಕೇಳಿ, ಸೂಜಿ ಯಾವ ದಿನ, ಎಲ್ಲಿ ಹಾಕುತ್ತಾರೆ ಅಂತ ಅಂಗನವಾಡಿಯವರೇ ಹೇಳುತ್ತಾರೆ. ಸರ್ಕಾರಿ ಸೂಜಿಗೆ ಅಲ್ಲೂ ದುಡ್ಡಿಲ್ಲ. ಹಾಕಿಸಿದ ತಾರೀಖನ್ನು ಸೂಜಿ ಹಾಕಿದವರ ಕೈಯಿಂದಲೇ ಕಾರ್ಡಿನಲ್ಲಿ ಬರೆಸಿಕೊಂಡು ಬನ್ನಿ.