ವಿನೆಗರ್ ಮಾಗಿಸಲು ಪಾತ್ರೆ ಆರಿಸಿದ ಬಗೆ: ನನ್ನ ಅನುಭವ

ಮೂಡಿಗೆರೆ ಬಳಿಯ ನಮ್ಮ ಕಾಫಿ ತೋಟದ ಅಂಚಿನಲ್ಲಿ ಎರಡು ನೇರಳೆ ಮರಗಳಿವೆ. ಮಳೆ ಹಿಡಿಯುವ ಹೊತ್ತಿಗೆ ಉದುರುವ ಹಣ್ಣನ್ನು ಮಣ್ಣಿಗೆ ಬಿಡಲು ಮನಸ್ಸಾಗದೆ, ಆರು ವರ್ಷಗಳಿಂದ ಅದರ ರಸದಲ್ಲಿ ವಿನೆಗರ್ ಮಾಡಿ, ವರ್ಷಕ್ಕೂ ಮೀರಿ ಮಾಗಿಸಿ ಬಳಸುತ್ತಿದ್ದೇನೆ. ಮೊದಲ ಎರಡು ವರ್ಷ ಹಣ್ಣು, ಬೆಲ್ಲ, ಈಸ್ಟುಗಳ ಅಳತೆಯ ಬಗ್ಗೆಯೇ ತಲೆ ಕೆಡಿಸಿಕೊಂಡಿದ್ದ ನಾನು, ಪಾತ್ರೆಯ ವಿಷಯದಲ್ಲಿ ಮಾತ್ರ ಮನೆಯಲ್ಲಿ ಯಾವುದು ಖಾಲಿ ಇತ್ತೋ ಅದನ್ನೇ ಎತ್ತಿಕೊಳ್ಳುತ್ತಿದ್ದೆ. ಕೆಟ್ಟದ್ದೆಲ್ಲ ಅಲ್ಲಿಂದಲೇ ಕೆಟ್ಟಿತು.

ಸಕ್ಕರೆ ಅಂಶವು ಈಸ್ಟಿನಿಂದ ಮದ್ಯಸಾರವಾಗುವಾಗ ಗಾಳಿ ಬೇಡ. ಆ ಮದ್ಯಸಾರವನ್ನು ಅಸಿಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಅಸಿಟಿಕ್ ಆಮ್ಲವಾಗಿ ಮಾರ್ಪಡಿಸುವಾಗ ಗಾಳಿ ಬೇಕೇ ಬೇಕು. ಹುಳಿ ಪೂರ್ತಿ ಬಂದು ಮಾಗುವಾಗ ಮತ್ತೆ ಗಾಳಿ ತಾಗಬಾರದು. ಮೊದಲ ಹಂತ ಸುಲಭ. ಕಿರಿದಾದ ಕತ್ತಿನ ಗಾಜಿನ ಬಾಟಲಿಯ ಬಿರಡೆಗೆ ಸಣ್ಣ ಕೊಳವೆ ತೂರಿಸಿ, ಅದರ ತುದಿಯನ್ನು ನೀರಿನಲ್ಲಿ ಮುಳುಗಿಸಿಟ್ಟರೆ ಸಾಕು.

ಎರಡನೆಯ ಹಂತಕ್ಕೆ ನಾನು ನಂಬಿದ್ದು ಹತ್ತು ಲೀಟರಿನ ಉಪ್ಪಿನಕಾಯಿ ಜಾಡಿಯನ್ನು. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಗಳನ್ನು ಆಮ್ಲ ತಿನ್ನುತ್ತದೆ. ಕಲಾಯಿ ಹಾಕಿಸಿದರೂ ತಿಂಗಳುಗಟ್ಟಲೆ ಇಡುವಂತಿಲ್ಲ. ಒಳ್ಳೆಯ ದರ್ಜೆಯ ಸ್ಟೀಲ್ ತಡೆದೀತು, ಆದರೆ ಅಗ್ಗದ ಡಬರಿಯ ದರ್ಜೆಯನ್ನು ಕಣ್ಣಳತೆಯಲ್ಲಿ ಹೇಳಲಾಗದ ಕಾರಣ ನಾನು ಅದನ್ನು ಕೈಬಿಟ್ಟೆ. ಜಾಡಿಯಲ್ಲೂ ಎಚ್ಚರ ಬೇಕು: ಒಳಗಿನ ಹೊಳಪು ಎದ್ದುಹೋದ ಹಳೆಯ ಜಾಡಿಯನ್ನು ಮುಟ್ಟಬಾರದು, ಏಕೆಂದರೆ ಹಳೆಯ ಹೊಳಪಿನಲ್ಲಿ ಸೀಸವಿದ್ದರೆ ಆಮ್ಲ ಅದನ್ನು ಕರಗಿಸಿಕೊಳ್ಳುತ್ತದೆ. ಸೀಳಿನ ಪರೀಕ್ಷೆಯನ್ನು ಕಲಿಸಿದವರು ನಮ್ಮ ದೊಡ್ಡಮ್ಮ. "ಬೆರಳಲ್ಲಿ ತಟ್ಟಿ ನೋಡು ಮಗ, ಕಣ್ ಅಂದ್ರೆ ಹುಳಿಗೆ ಇಟ್ಕೋ, ದಪ್ ಅಂದ್ರೆ ಬೇಳೆ ತುಂಬ್ಸು" ಎಂದಿದ್ದರು. ಅದನ್ನು ಕೇಳದೆ ಇಟ್ಟ ಒಂದು ಜಾಡಿಯ ಅಡಿಯಲ್ಲಿ, ಹಲಗೆಯ ಮೇಲೆ ನೇರಳೆ ಬಣ್ಣದ ಒದ್ದೆ ಬಳೆಯೊಂದು ಮೂಡಿದ್ದನ್ನು ಮೂರು ವಾರಗಳ ಮೇಲೆ ಕಂಡೆ.

ಜಾಡಿಯನ್ನು ನಾನು ಕಂಠದವರೆಗೆ ತುಂಬುವುದಿಲ್ಲ; ಹೊಟ್ಟೆ ಎಲ್ಲಿ ಅತಿ ಅಗಲವೋ ಅಲ್ಲಿಗೆ, ಅಂದರೆ ಸುಮಾರು ಆರು ಲೀಟರಿಗೆ ನಿಲ್ಲಿಸುತ್ತೇನೆ, ಗಾಳಿ ತಾಗುವ ಮೇಲ್ಮೈ ಅಲ್ಲೇ ಹೆಚ್ಚು. ಬಾಯಿಗೆ ಹಳೆಯ ಪಂಚೆಯನ್ನು ಎರಡು ಮಡಿಕೆ ಮಾಡಿ ಬಿಗಿಯಬೇಕು, ಜಾಳು ಬಟ್ಟೆಯಾದರೆ ಹಣ್ಣಿನ ಸಣ್ಣ ನೊಣಗಳು ನುಸುಳುತ್ತವೆ. ಈ ಬ್ಯಾಕ್ಟೀರಿಯಾ 25ರಿಂದ 30 ಡಿಗ್ರಿಯ ಬೆಚ್ಚಗನ್ನು ಬಯಸುವುದರಿಂದ, ನಮ್ಮ ಮಳೆಗಾಲದ ಥಂಡಿಗೆ ಬಚ್ಚಲ ಒಲೆಯ ಗೋಡೆಯಾಚೆಯ ಮೂಲೆಯೇ ಅದರ ಜಾಗ. ಕೆಲವು ವಾರಗಳಲ್ಲಿ ಮೇಲೆ ಕಟ್ಟುವ ಪೊರೆ ಎಳನೀರಿನ ಗಂಜಿಯಂತೆ ನುಣುಪಾಗಿ, ಬೆರಳಿಗೆ ಜಾರುವಂತಿರುತ್ತದೆ.

ನನಗೆ ಅತಿ ಹೆಚ್ಚು ನಷ್ಟವಾದದ್ದು ಮೂರನೆಯ ಹಂತದಲ್ಲಿ. ಶೇ 5ರಷ್ಟು ಆಮ್ಲವಿದ್ದ ವಿನೆಗರನ್ನು ಇಪ್ಪತ್ತು ಲೀಟರಿನ ಪ್ಲಾಸ್ಟಿಕ್ ಕ್ಯಾನಿನಲ್ಲಿ ಅರ್ಧ ತುಂಬಿ ಅಟ್ಟದ ಮೇಲಿಟ್ಟಿದ್ದೆ. ಏಳು ತಿಂಗಳ ನಂತರ ಅಳೆದಾಗ ಶೇ 3 ಮಾತ್ರ ಉಳಿದಿತ್ತು, ಮೂಗಿಗೆ ಏರುತ್ತಿದ್ದ ಘಾಟೂ ಇರಲಿಲ್ಲ. ಮದ್ಯಸಾರ ಮುಗಿದ ಮೇಲೂ ಗಾಳಿ ಸಿಕ್ಕರೆ ಅದೇ ಬ್ಯಾಕ್ಟೀರಿಯಾ ತಾನೇ ಮಾಡಿದ ಆಮ್ಲವನ್ನು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿಸುತ್ತದೆ. ಕ್ಯಾನಿನ ಖಾಲಿ ಅರ್ಧದಲ್ಲಿ ಗಾಳಿ ತುಂಬಿಯೇ ಇತ್ತು. ಪ್ಲಾಸ್ಟಿಕ್ಕಿನ ಗೋಡೆಯೂ ಆಮ್ಲಜನಕವನ್ನು ನಿಧಾನವಾಗಿ ಒಳಬಿಡುತ್ತದೆ. ಬೆಲ್ಜಿಯಂನ ಲ್ಯಾಂಬಿಕ್ ಎಂಬ ಹುಳಿ ಬಿಯರನ್ನು ಓಕ್ ಪೀಪಾಯಿಗಳಲ್ಲಿ ಮೂರು ವರ್ಷದವರೆಗೂ ಇಡುವುದನ್ನು ಓದಿ ಸಣ್ಣ ಮರದ ಪೀಪಾಯಿ ತರಿಸುವ ಆಸೆಯಾಗಿತ್ತು. ಪೀಪಾಯಿ ಚಿಕ್ಕದಾದಷ್ಟೂ ಪ್ರತಿ ಲೀಟರಿಗೆ ತಾಗುವ ಮರ ಮತ್ತು ಗಾಳಿ ಹೆಚ್ಚೆಂದು ತಿಳಿದು ಬಿಟ್ಟೆ.

ಈಗ ಪೊರೆ ತೆಗೆದು, ಬಟ್ಟೆಯಲ್ಲಿ ಸೋಸಿ, 750 ಮಿಲಿಲೀಟರಿನ ಗಾಜಿನ ಬಾಟಲಿಗಳಿಗೆ ಕತ್ತಿನವರೆಗೆ ತುಂಬಿ, ಬಿರಡೆಯ ಮೇಲೆ ಜೇನುಮೇಣ ಸುರಿಯುತ್ತೇನೆ. ಕಳೆದ ಮಳೆಗಾಲದ್ದು ಏಳು ಬಾಟಲಿ ಅಟ್ಟದ ಕತ್ತಲಲ್ಲಿವೆ. ಎಂಟನೆಯದು ಅರ್ಧವೇ ತುಂಬಿದ್ದರಿಂದ ಅದನ್ನು ಮಾಗಲು ಇಡದೆ ಅಡುಗೆಮನೆಗೆ ಕೊಟ್ಟೆ.